ಲಕ್ಷಗಟ್ಟಲೆ ಕೊಡುವ ಮುನ್ನ: ಹೈ-ಎಂಡ್ ಸ್ಪೀಕರನ್ನು ಓದಿ, ತಟ್ಟಿ, ಕೇಳಿ ನೋಡುವ ಬಗೆ

ದುಬಾರಿ ಸ್ಪೀಕರ್ ಜೋಡಿಯನ್ನು ಪರೀಕ್ಷಿಸಲು ಹೋದಾಗ ಮೊದಲು ಮಾಡಬೇಕಾದ ಕೆಲಸ, ಆಂಪ್ಲಿಫೈಯರ್ (ಆಂಪ್) ಆಫ್ ಮಾಡಿಸಿ ಎರಡರಲ್ಲಿ ಒಂದರ ತಂತಿ ಬಿಚ್ಚಿಸುವುದು. ಒಂದೇ ಸ್ಪೀಕರ್, ಮೊನೊ ಧ್ವನಿ. ಎರಡೂ ಕೂಡಿ ನುಡಿದಾಗ ಎದುರಿಗೆ ಹರಡಿಕೊಳ್ಳುವ ಸ್ಟೀರಿಯೊ ಚಿತ್ರ ಎಷ್ಟು ಚೆಂದವಿರುತ್ತದೆಂದರೆ, ಸ್ಪೀಕರಿನ ಸ್ವಂತ ಕುಂದುಗಳು ಅದರಲ್ಲಿ ಮುಚ್ಚಿಹೋಗುತ್ತವೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲೂ ಆಮೇಲೆ ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯಲ್ಲೂ ದಶಕಗಟ್ಟಲೆ ಇದೇ ಕೆಲಸ ಮಾಡಿದ ಫ್ಲಾಯ್ಡ್ ಟೂಲ್ ತೋರಿಸಿಕೊಟ್ಟಿದ್ದು ಇದನ್ನೇ: ಒಳ್ಳೆಯ ಸ್ಪೀಕರನ್ನೂ ಸಾಧಾರಣ ಸ್ಪೀಕರನ್ನೂ ಕಿವಿ ಖಚಿತವಾಗಿ ಬೇರೆ ಮಾಡುವುದು ಮೊನೊದಲ್ಲಿ. ಮೊನೊದಲ್ಲಿ ಗೆದ್ದದ್ದು ಸಾಮಾನ್ಯವಾಗಿ ಸ್ಟೀರಿಯೊದಲ್ಲೂ ಗೆಲ್ಲುತ್ತದೆ.

ಎರಡನೆಯ ಅಡ್ಡಿ ಕಣ್ಣು. 1994ರಲ್ಲಿ ಟೂಲ್ ಮತ್ತು ಅವರ ಸಹೋದ್ಯೋಗಿ ಶಾನ್ ಆಲಿವ್ ಅದೇ ಕೇಳುಗರಿಗೆ ಅದೇ ಸ್ಪೀಕರುಗಳನ್ನು ಒಮ್ಮೆ ಕಾಣುವಂತೆ, ಒಮ್ಮೆ ಪರದೆಯ ಹಿಂದಿಟ್ಟು ಕೇಳಿಸಿದರು. ಕಂಡಾಗ ಅಂಕಗಳು ಗಾತ್ರ, ಬೆಲೆ, ಹೆಸರಿನ ಕಡೆಗೆ ವಾಲಿದವು. ಪರದೆ ಎಳೆದಾಗ ಆ ವಾಲು ಹೋಯಿತು. ಇನ್ನೊಂದು ಧೈರ್ಯದ ಸಂಗತಿ: 2003ರಲ್ಲಿ ಆಲಿವ್ ಪ್ರಕಟಿಸಿದ ಪರೀಕ್ಷೆಯಲ್ಲಿ ತರಬೇತಿ ಪಡೆದವರೂ ಪಡೆಯದವರೂ ಸೇರಿ 268 ಮಂದಿ ಇದ್ದರು. ಎರಡೂ ಗುಂಪಿನ ಮೆಚ್ಚುಗೆಯ ಕ್ರಮ ಹೆಚ್ಚುಕಡಿಮೆ ಒಂದೇ ಆಗಿತ್ತು. ನಿಮಗೆ 'ಬಂಗಾರದ ಕಿವಿ' ಬೇಕಾಗಿಲ್ಲ, ಕಿವಿಗೆ ನ್ಯಾಯವಾದ ಪರೀಕ್ಷೆ ಬೇಕು.

ಆ ಪರೀಕ್ಷೆಯಲ್ಲಿ ಹುಡುಕಬೇಕಾದ ಗುಣ ಮುಖ್ಯವಾಗಿ ಒಂದು. ಸ್ಪೀಕರಿನಿಂದ ನೇರವಾಗಿ ಕಿವಿಗೆ ಬರುವ ದನಿಗೂ, ಪಕ್ಕಕ್ಕೆ ಹೋಗಿ ಗೋಡೆ, ನೆಲ, ತಾರಸಿಗೆ ತಾಗಿ ಬರುವ ದನಿಗೂ ಬಣ್ಣ ಒಂದೇ ಇರಬೇಕು. ನಮ್ಮ ಮನೆಗಳ ಗಾರೆ ಗೋಡೆ, ಕಾಂಕ್ರೀಟ್ ತಾರಸಿ, ಗ್ರಾನೈಟ್ ಅಥವಾ ಟೈಲ್ಸ್ ನೆಲದ ನಡುವೆ ಈ ಎರಡನೆಯ ಪಾಲು ಬಹಳ ದೊಡ್ಡದು. ಎದುರಿಗೆ ನುಣುಪಾಗಿ ಹಾಡಿ ಪಕ್ಕಕ್ಕೆ ಒರಟಾಗಿ ಹಾಡುವ ಸ್ಪೀಕರ್ ಅಂಗಡಿಯ ಮೆತ್ತೆ ಹೊಡೆದ ಕೋಣೆಯಲ್ಲಿ ಗೆದ್ದು ಮನೆಯ ಹಾಲಿನಲ್ಲಿ ಸೋಲುತ್ತದೆ.

ಅಂಗಡಿಗೆ ಹೋಗುವ ಮುಂಚೆ

ಮೊದಲು ಗ್ರಾಫ್ ಹುಡುಕಿ. ಸ್ಪೀಕರನ್ನು ಅಡ್ಡವಾಗಿಯೂ ಲಂಬವಾಗಿಯೂ 10 ಡಿಗ್ರಿಗೊಮ್ಮೆ ತಿರುಗಿಸಿ ಒಟ್ಟು 70 ಕೋನಗಳಿಂದ ಅಳೆದ ಚಿತ್ರಕ್ಕೆ ಸ್ಪಿನೊರಾಮ ಎನ್ನುತ್ತಾರೆ. ಸಿಟಿಎ-2034 ಎಂಬುದು ಅದರ ಮಾನಕ. ಕೆಲವು ಕಂಪನಿಗಳು ಇದನ್ನು ತಾವೇ ಪ್ರಕಟಿಸುತ್ತವೆ, ಉಳಿದವಕ್ಕೆ ಸ್ವತಂತ್ರ ಪರೀಕ್ಷಕರು ಅಳೆದದ್ದು ಸಿಗಬಹುದು. ಎರಡೂ ಇಲ್ಲದಿದ್ದರೆ ಕಿವಿ ಮತ್ತು ಕೈಯ ಪರೀಕ್ಷೆಯ ಮೇಲೆ ದುಪ್ಪಟ್ಟು ಸಮಯ ಕಳೆಯಬೇಕು.

ಚಿತ್ರದಲ್ಲಿ ಮೇಲಿನ ಗೆರೆ ನೇರ ದನಿ. ಅದರ ಜೊತೆಗೆ ಕೇಳುವ ಜಾಗದ ಸುತ್ತಿನ ಸರಾಸರಿ, ಮೊದಲ ಮಾರ್ದನಿಗಳ ಸರಾಸರಿ, ಎಲ್ಲ ದಿಕ್ಕಿಗೂ ಹರಿದ ಒಟ್ಟು ಶಕ್ತಿ, ಹೀಗೆ ಒಂದರ ಕೆಳಗೊಂದು ಗೆರೆಗಳಿರುತ್ತವೆ. ಮೇಲಿನವು ಚಪ್ಪಟೆಯಾಗಿರಬೇಕು, ಕೆಳಗಿನವು ಬಲಕ್ಕೆ, ಅಂದರೆ ಮೇಲಿನ ಸ್ವರಗಳ ಕಡೆಗೆ, ಹೋದಂತೆ ಒಂದೇ ಸಮ ಇಳಿಯಬೇಕು. ಇಳಿಯುವ ದಾರಿಯಲ್ಲಿ 2ರಿಂದ 5 ಕಿಲೋಹರ್ಟ್ಸ್ ನಡುವೆ ಗೂನು ಕಂಡರೆ ಅಲ್ಲೇ ನಿಲ್ಲಿ. ಹೈ-ಎಂಡ್ ಬೆಲೆಯಲ್ಲೂ ತುಂಬ ಸಾಮಾನ್ಯವಾದ ದೋಷ ಅದೇ, ಅದರ ಕಾರಣ ಮುಂದೆ ಹೇಳಿದೆ.

ಗೆರೆಯ ಪ್ರತಿ ಏರಿಳಿತವೂ ರೋಗವಲ್ಲ. ನೇರ ದನಿಯಲ್ಲಿ ಮಾತ್ರ ಇದ್ದು ಸರಾಸರಿಗಳಲ್ಲಿ ಮಾಯವಾಗುವ ತಗ್ಗು ಬರೀ ಕ್ಯಾಬಿನೆಟ್ ಅಂಚಿನ ಕಿತಾಪತಿ. ಸ್ವಲ್ಪ ತಿರುಗಿಸಿ ಕೂತರೆ ಹೋಗುತ್ತದೆ. ಎಲ್ಲ ಗೆರೆಗಳಲ್ಲೂ ಅದೇ ಜಾಗದಲ್ಲಿ ಏಳುವ ಉಬ್ಬು ಅನುರಣನ, ಅಂದರೆ ಯಾವುದೋ ಭಾಗ ತಾನಾಗಿ ಮೊಳಗುತ್ತಿದೆ ಎಂದರ್ಥ. ಅದು ಎಲ್ಲಿ ಕೂತರೂ ಹೋಗುವುದಿಲ್ಲ. ಚೂಪಾದ ಮುಳ್ಳಿನಂಥ ಉಬ್ಬಿಗಿಂತ ಅಗಲವಾದ, ತಗ್ಗಾದ ದಿಬ್ಬವೇ ಕಿವಿಗೆ ಬೇಗ ಸಿಗುತ್ತದೆ ಎಂಬುದನ್ನು ಟೂಲ್ ಮತ್ತು ಆಲಿವ್ 1988ರಲ್ಲೇ ತೋರಿಸಿದ್ದರು. ಒಂದು ಡೆಸಿಬೆಲ್ಲಿನ ಅಗಲ ದಿಬ್ಬವನ್ನು 'ಅಷ್ಟೇ ತಾನೆ' ಎಂದು ಬಿಡಬೇಡಿ. ಲಂಬ ಅಳತೆಪಟ್ಟಿಯನ್ನೂ ನೋಡಿ: 100 ಡೆಸಿಬೆಲ್ ತುಂಬಿಸಿದ ಚಿತ್ರದಲ್ಲಿ ಯಾವ ಸ್ಪೀಕರ್ ಆದರೂ ಸಪಾಟಾಗಿ ಕಾಣುತ್ತದೆ. 50 ಡೆಸಿಬೆಲ್ ಎತ್ತರದ ಚಿತ್ರವಾದರೆ ನಂಬಿ ಓದಬಹುದು.

ಬ್ರೋಷರಿನ ಅಂಕಿಗಳಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, '35 ಹರ್ಟ್ಸ್‌ನಿಂದ 25 ಕಿಲೋಹರ್ಟ್ಸ್' ಎಂದು ಬರೆದು ಎಷ್ಟು ಡೆಸಿಬೆಲ್ ಒಳಗೆ ಎಂದು ಹೇಳದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ಇನ್ನೊಂದು, ಸೆನ್ಸಿಟಿವಿಟಿ, ಅಂದರೆ ಕೊಟ್ಟ ವಿದ್ಯುತ್ತಿಗೆ ಸ್ಪೀಕರ್ ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದು. ಅದನ್ನು 2.83 ವೋಲ್ಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆಯುತ್ತಾರೆ. 8 ಓಮ್ ಸ್ಪೀಕರಿಗೆ ಅದು 1 ವ್ಯಾಟ್, 4 ಓಮ್ ಸ್ಪೀಕರಿಗೆ 2 ವ್ಯಾಟ್. ಹಾಗಾಗಿ 4 ಓಮಿನ '87 ಡೆಸಿಬೆಲ್' ನಿಜದಲ್ಲಿ ವ್ಯಾಟಿಗೆ 84. 87 ಡೆಸಿಬೆಲ್ಲಿನ 8 ಓಮ್ ಜೋಡಿಗೆ ತಲಾ 100 ವ್ಯಾಟ್ ಕೊಟ್ಟರೆ 1 ಮೀಟರಿನಲ್ಲಿ ಒಂದೊಂದೂ 107 ಮುಟ್ಟುತ್ತದೆ. ಸಾಮಾನ್ಯ ಕೋಣೆಯಲ್ಲಿ 3 ಮೀಟರ್ ದೂರಕ್ಕೆ 6–7 ಇಳಿದು, ಎರಡು ಸ್ಪೀಕರಿಗೆ 3 ಏರಿ, 103ರ ಆಸುಪಾಸು. ಮನೆಗೆ ಅದು ಧಾರಾಳ.

ಇಂಪೀಡೆನ್ಸ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ) ಗೆರೆ ಸಿಕ್ಕರೆ ಅದರ ಅತಿ ಕೆಳಗಿನ ಬಿಂದು ನೋಡಿ. ಐಇಸಿ (ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ನಿಯಮದ ಪ್ರಕಾರ ಅದು ಹೇಳಿದ ಅಂಕಿಯ ಶೇ. 80ಕ್ಕಿಂತ ಇಳಿಯಬಾರದು: 8 ಓಮ್ ಎಂದರೆ 6.4, 4 ಓಮ್ ಎಂದರೆ 3.2. '8 ಓಮ್' ಎಂದು ಮುದ್ರಿಸಿ 3ಕ್ಕೆ ಇಳಿಯುವ ಸ್ಪೀಕರುಗಳಿವೆ. ಅವಕ್ಕೆ ಗಟ್ಟಿ ಆಂಪ್ ಬೇಕು. ಅದೇ ಗೆರೆಯಲ್ಲಿ 150ರಿಂದ 600 ಹರ್ಟ್ಸ್ ನಡುವೆ ಚಿಕ್ಕ ಸುಕ್ಕು ಕಂಡರೆ ಕ್ಯಾಬಿನೆಟ್ಟೋ ಒಳಗಿನ ಗಾಳಿಯೋ ಮೊಳಗುತ್ತಿರಬಹುದು. ಆ ಫ್ರೀಕ್ವೆನ್ಸಿಯನ್ನು ಬರೆದಿಟ್ಟುಕೊಂಡು ಹೋಗಿ.

ಕಣ್ಣಿಗೂ ಗೆಣ್ಣಿಗೂ ಕೆಲಸ

ಈಗ ಆ ಗೂನಿನ ಕಾರಣ. ಶಂಕುವಿನ ಅಗಲಕ್ಕೆ ಅಲೆಯ ಉದ್ದ ಸಮೀಪಿಸುತ್ತಿದ್ದಂತೆ ಡ್ರೈವರ್ (ಶಂಕು ಅದುರಿಸಿ ಸದ್ದು ಹೊರಡಿಸುವ ಭಾಗ) ದನಿಯನ್ನು ಟಾರ್ಚ್ ಬೆಳಕಿನ ಹಾಗೆ ಮುಂದಕ್ಕೇ ಎಸೆಯತೊಡಗುತ್ತದೆ. ಕೆಳಗಿನ ಸ್ವರ ನುಡಿಸುವ ಆರೂವರೆ ಇಂಚಿನ ವೂಫರಿನ ಕೆಲಸ ಮಾಡುವ ಭಾಗ ಸುಮಾರು 13 ಸೆಂಟಿಮೀಟರ್, ಅಷ್ಟುದ್ದದ ಅಲೆ 2,600 ಹರ್ಟ್ಸಿನದು. ಅದರ ಪಕ್ಕದಲ್ಲಿ ಚಪ್ಪಟೆ ಹಲಗೆಗೆ ಕೂರಿಸಿದ, ಮೇಲಿನ ಸ್ವರ ನುಡಿಸುವ 1 ಇಂಚಿನ ಟ್ವೀಟರ್ 3 ಕಿಲೋಹರ್ಟ್ಸಿನಲ್ಲಿ ಕೆಲಸ ವಹಿಸಿಕೊಂಡರೆ, ವೂಫರ್ ಕಿರಿದಾಗುತ್ತಾ ಬಂದ ಕಡೆಯೇ ಟ್ವೀಟರ್ ಒಮ್ಮೆಲೇ ಅಗಲಕ್ಕೆ ಚೆಲ್ಲುತ್ತದೆ. ಎದುರಿನ ಗೆರೆ ಸಪಾಟು, ಪಕ್ಕದಲ್ಲಿ ಗೂನು. ವಿನ್ಯಾಸಕಾರ ಇದನ್ನು ಹೇಗೆ ನಿಭಾಯಿಸಿದ್ದಾನೆ ಎಂಬುದು ಕಣ್ಣಿಗೇ ಕಾಣುತ್ತದೆ: ಟ್ವೀಟರಿನ ಸುತ್ತ ತಟ್ಟೆಯಂಥ ತಗ್ಗು ಇದ್ದರೆ ಅದು ವೇವ್‌ಗೈಡ್, ನಡುವೆ 4–5 ಇಂಚಿನ ಮಿಡ್‌ರೇಂಜ್ ಇದ್ದರೆ ತ್ರೀ-ವೇ ದಾರಿ, ವೂಫರಿನ ಎದೆಯಲ್ಲೇ ಟ್ವೀಟರ್ ಇದ್ದರೆ ಕೊಏಕ್ಸಿಯಲ್, ಬ್ರಿಟನ್ನಿನ ಕೆಇಎಫ್ ಕಂಪನಿ 1988ರಿಂದ ಯೂನಿ-ಕ್ಯೂ ಹೆಸರಿನಲ್ಲಿ ಬೆಳೆಸುತ್ತಾ ಬಂದ ದಾರಿ. ಇವು ಮೂರೂ ಇಲ್ಲದ 7–8 ಇಂಚಿನ ಟೂ-ವೇ (ವೂಫರ್, ಟ್ವೀಟರ್ ಎರಡೇ ಇರುವುದು) ಕಂಡರೆ ಗ್ರಾಫ್ ನೋಡದೆ ದುಡ್ಡು ಕೊಡಬೇಡಿ.

ಟ್ವೀಟರ್ ಯಾವ ಲೋಹದ್ದು ಎಂಬ ಚರ್ಚೆಗೆ ಸಿಗುವ ಗೌರವ ಅದರ ಯೋಗ್ಯತೆಗಿಂತ ಹೆಚ್ಚು. ಚೆನ್ನಾಗಿ ಮಾಡಿದ 25 ಮಿಲಿಮೀಟರಿನ ಅಲ್ಯೂಮಿನಿಯಂ ಗುಮ್ಮಟ ಹದ ತಪ್ಪುವುದೇ 20 ಕಿಲೋಹರ್ಟ್ಸಿನ ಆಚೆ. ಬೆರಿಲಿಯಂ, ವಜ್ರ ಅದನ್ನು ಇನ್ನೂ ದೂರ ತಳ್ಳುತ್ತವೆ, ಆದರೆ ನಿಮ್ಮ ಕಿವಿ ತೀರ್ಪು ಕೊಡುವುದು 300 ಹರ್ಟ್ಸಿನಿಂದ 5 ಕಿಲೋಹರ್ಟ್ಸಿನ ನಡುವೆ.

ಕ್ಯಾಬಿನೆಟ್ಟಿಗೆ ಬನ್ನಿ. ಪಕ್ಕದ ಹಲಗೆಯ ನಟ್ಟನಡುವೆ ಬೆರಳ ಗೆಣ್ಣಿನಿಂದ ತಟ್ಟಿ, ಆಮೇಲೆ ಒಂದೊಂದೇ ಅಂಗೈ ಕೆಳಗಿಳಿಯುತ್ತಾ ತಟ್ಟಿ. 'ಟಕ್' ಎಂದು ಕಲ್ಲಿಗೆ ತಟ್ಟಿದಂತೆ ಸತ್ತರೆ ಒಳ್ಳೆಯದು. 'ಧಂ' ಎಂದು ಡಬ್ಬದಂತೆ ಮೊಳಗಿದರೆ ಒಳಗೆ ಅಡ್ಡಪಟ್ಟಿ ಸಾಲದು. ತಟ್ಟುವುದು ಅರ್ಧ ಪರೀಕ್ಷೆ ಮಾತ್ರ. ಇನ್ನರ್ಧಕ್ಕೆ ಒಂದು ಸ್ಟೆತಾಸ್ಕೋಪ್ ಒಯ್ಯಿರಿ. 100ರಿಂದ 600 ಹರ್ಟ್ಸಿಗೆ ನಿಧಾನ ಏರುವ ಸ್ವೀಪ್ ಹಾಕಿಸಿ ಹಲಗೆಗೆ ಒತ್ತಿ ಹಿಡಿಯಿರಿ. ಎಲ್ಲಿ ಒಮ್ಮೆಲೇ ಜೋರಾಗುತ್ತದೋ ಅದು ಹಲಗೆಯ ಸ್ವಂತ ಸ್ವರ, ಮೊದಲೇ ಬರೆದುಕೊಂಡ ಇಂಪೀಡೆನ್ಸ್ ಸುಕ್ಕಿಗೆ ತಾಳೆ ನೋಡಿ. ಗಂಡಸಿನ ದನಿ ಒಂದು ಸ್ವರದಲ್ಲಿ ಮಾತ್ರ ಎದೆಯುಬ್ಬಿಸಿದಂತೆ ಕೇಳುವುದು ಇಂಥ ಕಡೆಯೇ.

ಭಾರವೇ ಗುಣ ಎಂದುಕೊಳ್ಳಬೇಡಿ. ದಪ್ಪ ಅಲ್ಯೂಮಿನಿಯಂ ಕ್ಯಾಬಿನೆಟ್ ಕೂಡ ಒಳಗೆ ಅಡಗಿಸುವ ಪದರವಿಲ್ಲದಿದ್ದರೆ ಗಂಟೆಯಂತೆ ನುಡಿಯುತ್ತದೆ. ಬಿಬಿಸಿ 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ರೂಪಿಸಿದ ಎಲ್‌ಎಸ್3/5ಎ ಎಂಬ ಸ್ಪೀಕರ್ ಬರೀ 12 ಮಿಲಿಮೀಟರಿನ ಬರ್ಚ್ ಪ್ಲೈವುಡ್ಡಿನದು. ಹಲಗೆಯನ್ನು ತೆಳ್ಳಗಿಟ್ಟು ಒಳಮೈಗೆ ಡಾಂಬರಿನಂಥ ಪದರ ಮೆತ್ತಿ, ಮೊಳಗನ್ನು ಕೆಳಕ್ಕೆ ತಳ್ಳಿ ಕೊಂದರು. ಮಾತಿನ ದನಿಗೆ ಅದು ಇಂದಿಗೂ ಮಾದರಿ.

ಮುಂದಿನ ಹಲಗೆಯ ಅಂಚು ಚೂಪಾಗಿದ್ದರೆ ದನಿ ಅಲ್ಲಿ ಒಡೆದು ಎರಡನೆಯ ಮೂಲದಂತೆ ಹೊರಡುತ್ತದೆ. ಅಂಚನ್ನು 5 ಮಿಲಿಮೀಟರ್ ಉರುಟು ಮಾಡಿದ್ದು ಅಲಂಕಾರ, 2–3 ಸೆಂಟಿಮೀಟರ್ ಆದರೆ ಉಪಯೋಗ. ಬಟ್ಟೆಯ ಜಾಲರಿಯ ಚೌಕಟ್ಟೂ ಇದೇ ತೊಂದರೆ ಮಾಡುತ್ತದೆ, ಕೇಳುವಾಗ ತೆಗೆದಿಡಿ.

ಪೋರ್ಟ್ (ಪೆಟ್ಟಿಗೆಯ ಗಾಳಿಕೊಳವೆ) ಇದ್ದರೆ 40 ಹರ್ಟ್ಸ್ ಟೋನ್ ಹಾಕಿಸಿ, ದನಿಯನ್ನು ಮೆಲ್ಲನೆ ಏರಿಸಿ, ಕೊಳವೆಯ ಬಾಯಿಗೆ ಅಂಗೈ ಹಿಡಿಯಿರಿ. ಗಾಳಿ ಬರುವುದು ಸರಿ, 'ಫುಸ್ ಫುಸ್' ಎಂಬ ಸದ್ದು ಬರಬಾರದು. ಪೋರ್ಟ್ ಟ್ಯೂನ್ ಮಾಡಿದ ಫ್ರೀಕ್ವೆನ್ಸಿಗಿಂತ ಕೆಳಗಿನ ಟೋನ್ ಜೋರಾಗಿ ಹಾಕಬೇಡಿ. ಅಲ್ಲಿ ಶಂಕುವಿಗೆ ಗಾಳಿಯ ಆಸರೆ ತಪ್ಪಿ ಅದು ಎದ್ದೆದ್ದು ಬೀಳುತ್ತದೆ, ಅದನ್ನು ಆಡಿಸುವ ತಂತಿಯ ಸುರುಳಿ ಕೆಡುತ್ತದೆ.

ಕೇಳುವ ಹೊತ್ತು

ಎರಡು ಸ್ಪೀಕರುಗಳನ್ನು ಹೋಲಿಸುವಾಗ ಅರ್ಧ ಡೆಸಿಬೆಲ್ ಹೆಚ್ಚಿರುವುದು 'ಜೋರು' ಎಂದು ಕೇಳಿಸುವುದಿಲ್ಲ, 'ಸ್ಪಷ್ಟ' ಎಂದು ಕೇಳಿಸುತ್ತದೆ. ಮೋಸ ಇರುವುದು ಇಲ್ಲಿಯೇ. ಆದ್ದರಿಂದ 500ರಿಂದ 2,000 ಹರ್ಟ್ಸ್ ಒಳಗಿನ ಪಿಂಕ್ ನಾಯ್ಸ್ (ಸ್ವರಗಳೆಲ್ಲ ಬೆರೆತ ಪರೀಕ್ಷೆಯ ಭೋರ್ಗರೆತ) ಹಾಕಿ, ದನಿ ಅಳೆಯುವ ಮೀಟರನ್ನು ಕಿವಿಯ ಜಾಗದಲ್ಲಿ ಸ್ಟ್ಯಾಂಡಿಗೆ ಕಟ್ಟಿ, ಎರಡನ್ನೂ 75 ಡೆಸಿಬೆಲ್ಲಿಗೆ ಸರಿಗೂಡಿಸಿ. ಫೋನಿನ ಆ್ಯಪ್ ಸಾಕು: ನಿಜವಾದ ಅಂಕಿ ತಪ್ಪಿದ್ದರೂ ಎರಡಕ್ಕೂ ಒಂದೇ ತಪ್ಪು. ಸರಿಗೂಡಿಸುವಾಗ ಪೂರ್ಣ ಪಿಂಕ್ ನಾಯ್ಸ್ ಬೇಡ, ಬೇಸ್ ಹೆಚ್ಚಿರುವ ಸ್ಪೀಕರ್ ಲೆಕ್ಕ ಕೆಡಿಸುತ್ತದೆ. ಎರಡನ್ನೂ ಒಂದೇ ಜಾಗದಲ್ಲಿ ಇರಿಸಿ, ಸಾಧ್ಯವಾದರೆ ತೆಳು ಬಟ್ಟೆಯ ಪರದೆ ಕಟ್ಟಿ, ಯಾವುದು ನುಡಿಯುತ್ತಿದೆ ಎಂದು ಗೊತ್ತಾಗದಂತೆ ಜೊತೆಗಾರರಿಂದ ಬದಲಿಸಿ. ಒಂದೊಂದು ತುಣುಕು 20–30 ಸೆಕೆಂಡ್ ಸಾಕು. ಬಣ್ಣದ ನೆನಪು ಕಿವಿಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮೊದಲ ಹತ್ತು ನಿಮಿಷ ಸಂಗೀತ ಬೇಡ, ಪೂರ್ಣ ಪಿಂಕ್ ನಾಯ್ಸ್ ಕೇಳಿ. ಒಳ್ಳೆಯ ಸ್ಪೀಕರಿನಲ್ಲಿ ಅದು ದೂರದ ಜಲಪಾತದ ಹಾಗೆ, ಯಾವ ಅಕ್ಷರವೂ ಇಲ್ಲದ ಸದ್ದು. ಕೆಟ್ಟದ್ದರಲ್ಲಿ ಒಂದು ಸ್ವರಾಕ್ಷರ ಇಣುಕುತ್ತದೆ. ಇಲ್ಲಿ ನಮ್ಮ ವರ್ಣಮಾಲೆಯೇ ಅಳತೆಗೋಲು: 'ಊ' ಎಂಬ ಛಾಯೆ ಇದ್ದರೆ ಉಬ್ಬು 250 ಹರ್ಟ್ಸಿನ ಸುತ್ತ, 'ಓ' ಆದರೆ 500, 'ಆ' ಆದರೆ 1,000, 'ಏ' ಆದರೆ 2,000, 'ಈ' ಆದರೆ 4,000. ನೀವೇ ಈ ಐದನ್ನು ಪಿಸುಗುಟ್ಟಿ ನಾಯ್ಸಿಗೆ ಹೋಲಿಸಿ ನೋಡಿ, ಎರಡು ದಿನ ಅಭ್ಯಾಸ ಮಾಡಿದರೆ ಗ್ರಾಫಿನ ಉಬ್ಬನ್ನು ಕಿವಿಯಿಂದಲೇ ಗುರುತಿಸಬಹುದು. ಆಮೇಲೆ ಎದ್ದು ಸ್ಪೀಕರಿನ ಸುತ್ತ ನಡೆಯಿರಿ: ನೇರದಿಂದ 30 ಡಿಗ್ರಿ, 60 ಡಿಗ್ರಿ. ಸದ್ದು ಮೆಲ್ಲಮೆಲ್ಲನೆ ಮಂಕಾಗಬೇಕು, ಅಷ್ಟೇ. ನಡೆಯುತ್ತಾ ಅಕ್ಷರ ಬದಲಾದರೆ, ಅಂದರೆ ಎದುರಿಗೆ ಏನೂ ಇಲ್ಲದ್ದು ಪಕ್ಕದಲ್ಲಿ 'ಏ' ಎಂದರೆ, ಅದೇ ಆ ಗೂನು. ಕೊನೆಗೆ ಕೂತಲ್ಲಿಂದ ಎದ್ದು ನಿಲ್ಲಿ. ನಿಂತಾಗ ಸದ್ದು ಟೊಳ್ಳಾದರೆ ವೂಫರ್ ಮತ್ತು ಟ್ವೀಟರ್ ಆ ಕೋನದಲ್ಲಿ ಒಂದನ್ನೊಂದು ಅಳಿಸುತ್ತಿವೆ. ಕೂತ ಎತ್ತರದಲ್ಲಿ ಕಿವಿ ಟ್ವೀಟರಿಗೆ ಸಮ ಬರುವ ಸ್ಟ್ಯಾಂಡ್ ಆ ಸ್ಪೀಕರಿಗೆ ಕಡ್ಡಾಯ.

ಸಂಗೀತದಲ್ಲಿ ತಂಬೂರಿಗಿಂತ ಕಠಿಣ ಪರೀಕ್ಷಕ ಸಿಗುವುದು ಅಪರೂಪ. ಜೀವಾಳಿಯ (ತಂತಿಯಡಿ ಸಿಕ್ಕಿಸುವ ನೂಲಿನ) ನಾದದಲ್ಲಿ ಮೇಲಿನ ಸ್ವರಾಂಶಗಳು ಸಾಲಾಗಿ ಹರಿಯುತ್ತಲೇ ಇರುತ್ತವೆ. ಸ್ಪೀಕರಿನಲ್ಲಿ ಎಲ್ಲೇ ಅನುರಣನ ಇರಲಿ, ಆ ಒಂದು ಅಂಶ ಗುಂಪಿನಿಂದ ಮುಂದೆ ಬಂದು ನಿಂತುಬಿಡುತ್ತದೆ. ಬಿಳಿ ಒಂದರ ಶ್ರುತಿಯಲ್ಲಿ ಮಂದ್ರ ಷಡ್ಜ 65 ಹರ್ಟ್ಸ್, ಮಧ್ಯ ಷಡ್ಜ 131. ಅಂದರೆ ನಮ್ಮ ಸಂಗೀತವೇ ಮುಖ್ಯವಾದರೆ 25 ಹರ್ಟ್ಸಿಗಾಗಿ ದೊಡ್ಡ ಬೆಲೆ ತೆರುವ ಅಗತ್ಯವಿಲ್ಲ, 45–50ರ ತನಕ ಪ್ರಾಮಾಣಿಕವಾಗಿ ಇಳಿದರೆ ಸಾಕು.

ಮೃದಂಗದ ಎಡಭಾಗದ ಗುಮಕಿಯನ್ನು ಕೇಳಿ. ಅಂಗೈ ಜಾರಿದಂತೆ ಸ್ವರವೂ ಜಾರುವುದು ಕಿವಿಗೆ ಬೀಳಬೇಕು. ಎಲ್ಲ ಪೆಟ್ಟೂ ಒಂದೇ ಸ್ವರದ 'ಗುಂ' ಆದರೆ ಪೋರ್ಟೋ ಕೋಣೆಯೋ ತನ್ನ ಸ್ವರವನ್ನು ಹೇರುತ್ತಿದೆ. ಘಟದ ಪೆಟ್ಟಿನಲ್ಲಿ ಬೆರಳು, ಮಣ್ಣು, ಒಳಗಿನ ಗಾಳಿ ಮೂರೂ ಬೇರೆ ಕೇಳಬೇಕು. ಪಿಟೀಲಿನ ಮೇಲಿನ ತಂತಿ ಚುಚ್ಚಿದರೆ 2–4 ಕಿಲೋಹರ್ಟ್ಸ್ ಹೆಚ್ಚಿದೆ. ಹಾಡುಗಾರರ 'ಸ' ಮತ್ತು 'ಶ' ಬೇರೆಬೇರೆ ಕೇಳಬೇಕು, ಎರಡೂ ಒಂದೇ ಸೀಟಿಯಾದರೆ 5–8ರ ನಡುವೆ ತೊಂದರೆ. ಆದರೆ ಸಭೆಯ ಕಛೇರಿ ರೆಕಾರ್ಡಿಂಗುಗಳನ್ನು ಪರೀಕ್ಷೆಗೆ ಒಯ್ಯಬೇಡಿ. ಎಷ್ಟೋ ಕಡೆ ವೀಣೆಗೆ ಅಂಟಿಸಿದ ಮೈಕು, ಸಭಾಂಗಣದ ಮಿಕ್ಸರ್ ದಾಟಿ ಬಂದ ದನಿ ಅದು. ಅದರ ಕರ್ಕಶವನ್ನು ಸ್ಪೀಕರಿನ ತಲೆಗೆ ಕಟ್ಟಿದಂತಾಗುತ್ತದೆ. ಅದಕ್ಕಿಂತ ಮನೆಯವರೊಬ್ಬರ ಮಾತನ್ನು ಗಾಳಿಯಿಲ್ಲದ ಹೊತ್ತಿನಲ್ಲಿ ತಾರಸಿಯ ಮೇಲೆ, ಅರ್ಧ ಮೀಟರ್ ದೂರದಿಂದ, ತನ್ನಷ್ಟಕ್ಕೆ ದನಿ ಏರಿಳಿಸದ ರೆಕಾರ್ಡರ್ ಆ್ಯಪಿನಲ್ಲಿ ಹಿಡಿದುಕೊಳ್ಳಿ. ನಿಮ್ಮ ಕಿವಿಗೆ ಅಷ್ಟು ಖಚಿತವಾಗಿ ಗೊತ್ತಿರುವ ದನಿ ಬೇರೊಂದಿಲ್ಲ.

ಬೇಸಿನ ಬಗ್ಗೆ ಅಂಗಡಿಯಲ್ಲಿ ತೀರ್ಮಾನ ಮಾಡಬೇಡಿ. ಆಲಿವ್ ರೂಪಿಸಿದ ಲೆಕ್ಕದಲ್ಲಿ ಕೇಳುಗರ ಮೆಚ್ಚುಗೆಯ ಸುಮಾರು ಶೇ. 30 ಬೇಸಿಗೇ ಸಲ್ಲುತ್ತದೆ, ಆದರೆ 300 ಹರ್ಟ್ಸಿನ ಕೆಳಗೆ ನೀವು ಕೇಳುವುದು ಬಹುಪಾಲು ಕೋಣೆಯನ್ನು. ಅದಕ್ಕೇ ಮನೆಯಲ್ಲಿ ಮೂರು-ನಾಲ್ಕು ದಿನದ ಪರೀಕ್ಷೆ ಕೇಳಿ ಪಡೆಯಿರಿ.

ಮನೆಯಲ್ಲಿ

ಕೋಣೆಯ ಉದ್ದವನ್ನು ಮೀಟರಿನಲ್ಲಿ ಅಳೆದು, 343ನ್ನು ಅದರ ಎರಡರಷ್ಟರಿಂದ ಭಾಗಿಸಿ. 12 ಅಡಿಗೆ 47 ಹರ್ಟ್ಸ್, 10 ಅಡಿಗೆ 56. ಅಗಲವೂ 10, ತಾರಸಿಯ ಎತ್ತರವೂ 10 ಆದರೆ 56ರಲ್ಲಿ ಎರಡು ಮೊಳಗು ಒಂದರ ಮೇಲೊಂದು ಕೂರುತ್ತವೆ, ಅಂಥ ಕೋಣೆಗೆ ದೊಡ್ಡ ಟವರ್ ಸ್ಪೀಕರ್ ತಂದರೆ ದುಡ್ಡು ಕೊಟ್ಟು ಗುಂಯ್‌ಗುಟ್ಟಿಸಿಕೊಂಡಂತೆ. ಕುರ್ಚಿ ಹಿಂದಿನ ಗೋಡೆಗೆ ಒರಗಬಾರದು, ನಟ್ಟನಡುವೆಯೂ ಇರಬಾರದು, ಉದ್ದದ ಶೇ. 38ರಿಂದ ಶುರುಮಾಡಿ ಸರಿಸುತ್ತಾ ಹೋಗಿ. ವೂಫರಿನ ಮುಖದಿಂದ ಸ್ಪೀಕರಿನ ಹಿಂದಿನ ಗೋಡೆಗೆ 60 ಸೆಂಟಿಮೀಟರ್ ಇದ್ದರೆ ಗೋಡೆಯಿಂದ ಮರಳಿದ ಅಲೆ 143 ಹರ್ಟ್ಸನ್ನು ಅಳಿಸುತ್ತದೆ, 1 ಮೀಟರ್ ಇದ್ದರೆ 86ನ್ನು. ಹಿಂದಿನ ಗೋಡೆಗೂ ಪಕ್ಕದ ಗೋಡೆಗೂ ಒಂದೇ ದೂರ ಇಡಬೇಡಿ, ತಗ್ಗು ದುಪ್ಪಟ್ಟಾಗುತ್ತದೆ.

ತೆಳು ಕರ್ಟನ್, ಜಮಖಾನೆ ಮೇಲಿನ ಸ್ವರಗಳನ್ನು ಮಾತ್ರ ಹೀರುತ್ತವೆ, ದನಿ ಮಂಕಾಗಿಯೂ ಗುಂಯ್‌ಗುಡುತ್ತದೆ. ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಸರಿಸಿ, ಕೂತಲ್ಲಿಂದ ಟ್ವೀಟರ್ ಕಾಣುವ ಜಾಗಕ್ಕೆ ಹತ್ತಿಯ ಹಾಸಿಗೆಯೊಂದನ್ನು ಒರಗಿಸಿ ಕೇಳಿ. ವ್ಯತ್ಯಾಸ ಇಷ್ಟವಾದರೆ ಆಮೇಲೆ 10 ಸೆಂಟಿಮೀಟರ್ ದಪ್ಪದ ಪ್ಯಾನೆಲ್ ಮಾಡಿಸಬಹುದು. 20ರಿಂದ 200 ಹರ್ಟ್ಸಿನ ಸ್ವೀಪನ್ನು ಮೆಲ್ಲನೆ ಹಾಕಿ ಕೋಣೆಯಲ್ಲಿ ಓಡಾಡಿ: ಉಕ್ಕಿನ ಬೀರು, ಷೋಕೇಸಿನ ಗಾಜು, ಕಿಟಕಿಯ ಚಿಲಕ ಅದುರುವುದನ್ನು ಎಷ್ಟೋ ಜನ ಸ್ಪೀಕರಿನ ದೋಷ ಎಂದುಕೊಂಡು ವಾಪಸು ಮಾಡುತ್ತಾರೆ. ತಂತಿಗೆ ತಲೆಕೆಡಿಸಿಕೊಳ್ಳಬೇಡಿ. ಮನೆಯ ವೈರಿಂಗಿಗೆ ಬಳಸುವ 2.5 ಸ್ಕ್ವೇರ್ ಎಂಎಂ ತಾಮ್ರ 5 ಮೀಟರ್ ಎಳೆದರೆ, ಹೋಗಿಬರುವ ಎರಡೂ ಎಳೆ ಸೇರಿ 0.07 ಓಮ್ ಮಾತ್ರ.

ಅಳೆಯಲು ಆರ್‌ಇಡಬ್ಲ್ಯೂ ಎಂಬ ಉಚಿತ ತಂತ್ರಾಂಶ, ಯೂಮಿಕ್-1ರಂಥ ಯುಎಸ್‌ಬಿ ಮೈಕು ಸಾಕು. ಪಿಂಕ್ ನಾಯ್ಸ್ ಹಾಕಿ, ಮೈಕನ್ನು ತಲೆಯಿರುವ ಜಾಗದ ಸುತ್ತ ಒಂದು ನಿಮಿಷ ಮೆಲ್ಲನೆ ಆಡಿಸಿ ಸರಾಸರಿ ತೆಗೆಯಿರಿ. ಒಳ್ಳೆಯ ಸ್ಪೀಕರಿನ ಗೆರೆ ಇಲ್ಲಿ ಸಪಾಟಾಗಿರುವುದಿಲ್ಲ, ಆಕ್ಟೇವಿಗೆ (ಫ್ರೀಕ್ವೆನ್ಸಿ ದುಪ್ಪಟ್ಟಾದಾಗಲೆಲ್ಲ) ಸುಮಾರು 1 ಡೆಸಿಬೆಲ್ಲಿನಂತೆ ಬಲಕ್ಕೆ ಇಳಿಯುತ್ತದೆ. ಅದನ್ನು ಈಕ್ವಲೈಸರ್ ಹಾಕಿ ನೆಟ್ಟಗೆ ಮಾಡಿದರೆ ಸಾಮಾನ್ಯವಾಗಿ ತೆಳುವಾದ, ಚುಚ್ಚುವ ದನಿ ಸಿಗುತ್ತದೆ. 300 ಹರ್ಟ್ಸಿನ ಕೆಳಗಿನ ಉಬ್ಬುಗಳನ್ನು ಮಾತ್ರ ಕತ್ತರಿಸಿ. ಕೋಣೆ ಅಳಿಸಿದ ತಗ್ಗನ್ನು ತುಂಬಲು ಹೋದರೆ ಆಂಪಿನ ಶಕ್ತಿ ಸುಡುತ್ತದೆ, ತಗ್ಗು ಹಾಗೇ ಉಳಿಯುತ್ತದೆ.

ಜೋಡಿ ಹೊಂದುತ್ತದೆಯೇ ಎಂದು ಒಂದು ಸುಲಭ ಪರೀಕ್ಷೆ: ಎರಡನ್ನೂ ಒಂದು ಗೇಣು ಅಂತರದಲ್ಲಿ ಮುಖಾಮುಖಿ ನಿಲ್ಲಿಸಿ, ಆಂಪ್ ಆಫ್ ಮಾಡಿ ಒಂದರ ಪ್ಲಸ್-ಮೈನಸ್ ಅದಲುಬದಲು ಮಾಡಿ, ಮೊನೊ ಪಿಂಕ್ ನಾಯ್ಸ್ ಹಾಕಿ. ಬೇಸ್ ಮತ್ತು ಕೆಳ-ಮಧ್ಯದ ಸ್ವರಗಳು ಬಹುತೇಕ ಅಳಿಸಿಹೋಗಬೇಕು. ಅಳಿಯದಿದ್ದರೆ ಎರಡರಲ್ಲಿ ಒಂದಕ್ಕೆ ಏನೋ ಆಗಿದೆ.

ಸೆಕೆಂಡ್ ಹ್ಯಾಂಡ್ ಜೋಡಿಯಾದರೆ ಇದನ್ನು ಬಿಡದೆ ಮಾಡಿ. ಜೊತೆಗೆ ವೂಫರಿನ ಅಂಚಿನ ಉಂಗುರ ಸ್ಪಂಜಿನದೋ ರಬ್ಬರಿನದೋ ನೋಡಿ. ಸ್ಪಂಜಾದರೆ ಬೆರಳ ತುದಿ ತಾಗಿಸಿ, 10–15 ವರ್ಷವಾದದ್ದು ಪುಡಿಯಾಗಿ ಬೆರಳಿಗೆ ಹತ್ತಬಹುದು. ನಡುವಿನ ಟೊಪ್ಪಿಯ ಇಕ್ಕೆಲ ಎರಡು ಹೆಬ್ಬೆರಳಿಟ್ಟು ಶಂಕುವನ್ನು ನೇರ ಒಳಕ್ಕೆ ಮೆಲ್ಲನೆ ಒತ್ತಿ. ಕರಕರ ಎಂದರೆ ಸುರುಳಿ ಉಜ್ಜುತ್ತಿದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಬಂದ ಪೆಟ್ಟಿಗೆಯಾದರೆ ಅದನ್ನು ಮಲಗಿಸಿ ತಳದ ಅಂಚು ನೋಡಿ. ಹಲವು ಮಳೆಗಾಲ ನೆಲದ ತೇವ ಕುಡಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೂಲೆಯಲ್ಲಿ ಉಬ್ಬಿ, ವೆನೀರ್ ಬಿರಿದಿರುತ್ತದೆ. ಉಬ್ಬಿದ ಹಲಗೆಯ ಕೀಲು ಗಾಳಿ ಬಿಡುತ್ತದೆ, ಅದನ್ನು ಮೊದಲಿನಂತೆ ಮಾಡಿಕೊಡಲು ಬಡಗಿಯಿಂದ ಆಗುವುದಿಲ್ಲ.